ಹಳೆ ಕೊರೊಲ್ಲಾಗೆ ಸ್ಯಾಟಲೈಟ್ ರೇಡಿಯೊ: ಆಂಟೆನಾ, ವೈರು, ಸದ್ದು

2007ರ ಟೊಯೊಟಾ ಕೊರೊಲ್ಲಾಗೆ ಸಿರಿಯಸ್‌ಎಕ್ಸ್‌ಎಂ, ಅಂದರೆ ಚಂದಾ ಕಟ್ಟಿ ಉಪಗ್ರಹದಿಂದ ಕೇಳುವ ರೇಡಿಯೊ, ಹಾಕುವ ಕೆಲಸ ಕಡೆಗೂ ಮುಗಿಯಿತು. ಅಮೆರಿಕದಲ್ಲಿ ಹಳೆ ಕಾರು ಇಟ್ಟುಕೊಂಡಿರುವ ನಮ್ಮವರು ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವುದಾದರೆ ಉಪಯೋಗಕ್ಕೆ ಬರಲಿ ಎಂದು ಎಲ್ಲವನ್ನೂ ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾವಿರುವುದು ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಊರಲ್ಲಿ. ಕೆಲಸದ ಮೇಲೆ ಹ್ಯಾರಿಸ್‌ಬರ್ಗ್‌ಗೆ ಓಡಾಟ ಜಾಸ್ತಿ. ದಾರಿ 322ನೇ ಹೆದ್ದಾರಿ. ಸೆವೆನ್ ಮೌಂಟನ್ಸ್ ಬೆಟ್ಟ ಹತ್ತಿ ಇಳಿಯಬೇಕು, ಆಮೇಲೆ ಜುನಿಯಾಟಾ ನದಿ ಪಕ್ಕದ ಲೂಯಿಸ್‌ಟೌನ್ ನ್ಯಾರೋಸ್ ಕಣಿವೆ. ಬೆಟ್ಟ ಶುರುವಾದರೆ ಎಫ್ಎಂ ಹೋಯಿತು ಅಂತಲೇ ಲೆಕ್ಕ. ಫೋನಿನ ಡೇಟಾ ಕೂಡ ನಡುನಡುವೆ ಕೈಕೊಡುತ್ತದೆ. ಅದಕ್ಕೇ ಸ್ಯಾಟಲೈಟ್ ರೇಡಿಯೊ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಈ ರೇಡಿಯೊ ಡಿಜಿಟಲ್. ಸಿಗ್ನಲ್ ಸಿಕ್ಕರೆ ಪೂರ್ತಿ ಸಿಗುತ್ತದೆ, ಇಲ್ಲದಿದ್ದರೆ ಸದ್ದೇ ಇರುವುದಿಲ್ಲ. ಹಳೆ ಎಫ್ಎಂ ಥರ ನಿಧಾನಕ್ಕೆ ಕೊರಕೊರ ಎನ್ನುತ್ತಾ ಕ್ಷೀಣಿಸುವ ಪ್ರಶ್ನೆ ಇಲ್ಲ. ಹಾಗಾಗಿ ಹಾಡು ಪಟ್ಟಂತ ನಿಂತುಹೋದರೆ ಆಂಟೆನಾ ನೋಡಬೇಕು. ಶ್ ಎನ್ನುವ ಸದ್ದೋ ಕುಂಯ್ ಎನ್ನುವ ಸದ್ದೋ ಬಂದರೆ ಅದು ಆಕಾಶದಿಂದ ಬಂದದ್ದಲ್ಲ, ಕಾರಿನೊಳಗಿನ ವೈರಿನಿಂದ ಬಂದದ್ದು. ಈ ಎರಡನ್ನು ಬೆರೆಸಿ ನೋಡಿದರೆ ಸುಮ್ನೆ ದುಡ್ಡು ಖರ್ಚಾಗುತ್ತದೆ. ಕೊರಕೊರ ಸದ್ದಿಗೆ ಹೊಸ ಆಂಟೆನಾ ಕೊಂಡವರನ್ನು ನಾನು ನೋಡಿದ್ದೇನೆ.

ಹಂತ 1: ಡಾಕ್ ಸೆಟ್, ಎಫ್ಎಂ ಟ್ರಾನ್ಸ್‌ಮಿಟರ್

ಕೊಂಡದ್ದು ಡಾಕ್‌ನಲ್ಲಿ, ಅಂದರೆ ಕರೆಂಟು, ಆಂಟೆನಾ ವೈರು ಸೇರುವ ತೊಟ್ಟಿಲಿನಲ್ಲಿ, ಕೂರಿಸುವ ಚಿಕ್ಕ ಸೆಟ್. ಕಾರಿನಿಂದ ತೆಗೆದು ಮನೆಯಲ್ಲೂ ಹಾಕಿಕೊಳ್ಳಬಹುದು. ಸೆಟ್, ಡಾಕ್, ಆಯಸ್ಕಾಂತದ ಆಂಟೆನಾ, ಸಿಗರೇಟ್ ಲೈಟರ್ ಪ್ಲಗ್ಗು ಎಲ್ಲ ಸೇರಿ 60 ಡಾಲರ್. ಹೊಸದಾಗಿ ಶುರು ಮಾಡುವವರು ಸ್ಟೀರಿಯೊನೂ ಬದಲಾಯಿಸುವುದಾದರೆ ಡಾಕ್ ಬಿಟ್ಟು ಎಸ್‌ಎಕ್ಸ್‌ವಿ300 ಟ್ಯೂನರ್ ತಗೊಳ್ಳಿ. ಅದು ಸ್ಟೀರಿಯೊ ಹಿಂದೆ ಅಡಗಿ ಕೂರುತ್ತದೆ. ಕರೆಂಟು, ಸದ್ದು, ಚಾನೆಲ್ ಬದಲಾವಣೆ ಎಲ್ಲ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಆದರೆ ಸ್ಟೀರಿಯೊ ಮೇಲೆ ಸಿರಿಯಸ್‌ಎಕ್ಸ್‌ಎಂ ರೆಡಿ ಎಂದು ಬರೆದಿರಬೇಕು. ನನಗೆ ಅಡುಗೆಮನೆಯಲ್ಲೂ ರೇಡಿಯೊ ಬೇಕಿತ್ತು, ಹಾಗಾಗಿ ಡಾಕ್.

ಆಕ್ಟಿವೇಶನ್ ಸುಲಭ. ಚಾನೆಲ್ 0ಗೆ ಹೋದರೆ ರೇಡಿಯೊ ಐಡಿ ಕಾಣುತ್ತದೆ, ಅದನ್ನು ಬರೆದುಕೊಳ್ಳಬೇಕು. ಚಂದಾ ಕಟ್ಟಿದ ಮೇಲೆ ಕಾರನ್ನು ಬಯಲಲ್ಲಿ ನಿಲ್ಲಿಸಿ ರೇಡಿಯೊ ಆನ್ ಇಟ್ಟು ಕಾಯಬೇಕು. ಗ್ಯಾರೇಜ್ ಒಳಗೆ ನಿಲ್ಲಿಸಿಕೊಂಡು ಕಾದರೆ ಬರುವುದಿಲ್ಲ, ಯಾಕೆಂದರೆ ಆ ಅನುಮತಿ ಬರುವುದೂ ಉಪಗ್ರಹದಿಂದಲೇ.

ನಮ್ಮ ಕಾರಿನ ಸ್ಟೀರಿಯೊಗೆ ಆಕ್ಸ್ ತೂತು, ಅಂದರೆ ಹೊರಗಿನ ಸದ್ದನ್ನು ವೈರ್ ಮೂಲಕ ಚುಚ್ಚುವ ಜಾಗ, ಇಲ್ಲ. ಹಾಗಾಗಿ ಮೊದಲು ಡಾಕ್‌ನ ಎಫ್ಎಂ ಟ್ರಾನ್ಸ್‌ಮಿಟರ್ ಬಳಸಿದೆ. ಅದು ಪುಟ್ಟ ಎಫ್ಎಂ ಸ್ಟೇಷನ್ ಥರ ಸದ್ದನ್ನು ಕಾರಿನ ಸ್ಟೀರಿಯೊಗೆ ಕಳಿಸುತ್ತದೆ. ಖಾಲಿ ಇರುವ ಒಂದು ಎಫ್ಎಂ ಜಾಗ ಹುಡುಕಿ ಡಾಕ್ ಮತ್ತು ಸ್ಟೀರಿಯೊ ಎರಡನ್ನೂ ಅದಕ್ಕೆ ಇಡುವುದು. ಮನೆ ಮುಂದೆ 88.3 ಖಾಲಿ ಇತ್ತು. ಲೂಯಿಸ್‌ಟೌನ್ ಹತ್ತಿರ ಹೋಗುವಷ್ಟರಲ್ಲಿ ಬೇರೆ ಸ್ಟೇಷನ್ ಮೇಲೆ ಹತ್ತಿ ಕೂತಿತು. ಇದು ಸೆಟ್‌ನ ದೋಷ ಅಲ್ಲ. ಲೈಸೆನ್ಸ್ ಇಲ್ಲದ ಎಫ್ಎಂ ಟ್ರಾನ್ಸ್‌ಮಿಟರ್‌ಗೆ ಇಲ್ಲಿ ಕಾನೂನಿನ ಮಿತಿ 3 ಮೀಟರ್ ದೂರದಲ್ಲಿ ಮೀಟರ್‌ಗೆ 250 ಮೈಕ್ರೊವೋಲ್ಟ್. ನಿಜವಾದ ಸ್ಟೇಷನ್ ಮುಂದೆ ಅದು ಏನೂ ಅಲ್ಲ. ಜೊತೆಗೆ ಎಫ್ಎಂ ಸ್ಟೀರಿಯೊ ಪ್ರಸಾರದಲ್ಲಿ 15 ಕಿಲೊಹರ್ಟ್ಜ್ ಮೇಲಿನ ಸದ್ದು, ಅಂದರೆ ತೀರಾ ಮೇಲಿನ ಶ್ರುತಿ, ಹೋಗುವುದೇ ಇಲ್ಲ. ತಂಬೂರಿಯ ಹೊಳಪು, ಸಿಂಬಲ್‌ನ ತುದಿ ಎರಡೂ ಮಂಕು.

ಬಾಡಿಗೆ ಕಾರು, ಲೀಸ್ ಕಾರು ಇರುವವರಿಗೆ ಸ್ಟೀರಿಯೊ ಬದಲಾಯಿಸಲು ಆಗುವುದಿಲ್ಲ. ಅಂಥವರಿಗೆ ವೈರ್ ಮೂಲಕ ಹೋಗುವ ಎಫ್ಎಂ ಅಡಾಪ್ಟರ್ ಸಿಗುತ್ತದೆ. ಅದು ಕಾರಿನ ಎಫ್ಎಂ ಆಂಟೆನಾಗೂ ಸ್ಟೀರಿಯೊಗೂ ನಡುವೆ ಕೂತು, ರೇಡಿಯೊ ಹಾಕಿದಾಗ ಹೊರಗಿನ ಆಂಟೆನಾ ದಾರಿ ಮುಚ್ಚುತ್ತದೆ. ಬೇರೆ ಸ್ಟೇಷನ್ ನುಗ್ಗುವ ಕಾಟ ಬಹುಪಾಲು ತಪ್ಪುತ್ತದೆ. ಆದರೆ ಸದ್ದು ಎಫ್ಎಂ ಸದ್ದೇ. ನನಗೆ ಅದು ಸಾಲದು.

ಹಂತ 2: ಸ್ಟೀರಿಯೊ ಬದಲಾವಣೆ

ಬೇಕಾದ ಸಾಮಾನು: ಆಕ್ಸ್ ಇರುವ ಡಬಲ್ ಡಿನ್ (ಎರಡು ಪಟ್ಟು ಎತ್ತರದ) ಸ್ಟೀರಿಯೊ 110 ಡಾಲರ್, ಪಕ್ಕದ ಸಂದು ಮುಚ್ಚುವ ಡ್ಯಾಶ್ ಕಿಟ್ 18, ಕಾರಿನ ವೈರ್ ಕತ್ತರಿಸದೆ ಹೊಸ ಸ್ಟೀರಿಯೊ ಜೋಡಿಸುವ ಟೊಯೊಟಾ ವೈರ್ ಹಾರ್ನೆಸ್ 12. ಹಾರ್ನೆಸ್‌ನ ನಂಬರ್ ಮೆಟ್ರಾ 70-1761. ಇದನ್ನು ಬಿಟ್ಟು ಕಾರಿನ ಸ್ವಂತ ವೈರ್ ಕತ್ತರಿಸಲು ಹೋಗಬೇಡಿ. 12 ಡಾಲರ್ ಉಳಿಸಲು ಹೋಗಿ ಕಾರು ಮಾರುವಾಗ ತಲೆನೋವು. ಡ್ಯಾಶ್ ಕಿಟ್ ಯಾಕೆ ಬೇಕು ಅಂದರೆ ಟೊಯೊಟಾ ಕಿಂಡಿಯ ಅಗಲ 200 ಮಿಲಿಮೀಟರ್, ಹೊರಗೆ ಸಿಗುವ ಸ್ಟೀರಿಯೊ ಅಗಲ ಸುಮಾರು 178.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಬಿಚ್ಚಿದ ಮೇಲೆ ಕನಿಷ್ಠ 90 ಸೆಕೆಂಡ್ ಕಾಯಬೇಕು, ಏರ್‌ಬ್ಯಾಗ್ ಇರುವ ಕಾರು. ಟೊಯೊಟಾದವರೇ ಹೇಳುವ ಮಾತು ಇದು, ಆತುರ ಮಾಡಬಾರದು. ಆಮೇಲೆ ಸ್ಟೀರಿಯೊ ಸುತ್ತಲಿನ ಪ್ಲಾಸ್ಟಿಕ್ ಫಲಕ. ಅದು ಕ್ಲಿಪ್ ಮೇಲೆ ನಿಂತಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಅಂಚು ಗೀಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಮೀಟುಗೋಲೇ ಬೇಕು. ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗಿ ಕ್ಲಿಪ್ ಮುರಿಯುತ್ತದೆ. ಹಾಗಾಗಿ ಬ್ಯಾಟರಿ ಬಿಚ್ಚುವ ಮುಂಚೆ ಹೀಟರ್ ಹಾಕಿ ಒಳಗೆ ಬಿಸಿ ಮಾಡಿಕೊಂಡೆ. ಸ್ಟೀರಿಯೊ ಹಿಡಿದಿರುವುದು 10 ಎಂಎಂ ಬೋಲ್ಟುಗಳು. ಒಂದು ಬೋಲ್ಟ್ ಡ್ಯಾಶ್ ಒಳಗೆ ಬಿದ್ದರೆ ಹುಡುಕುವುದರಲ್ಲೇ ಸಂಜೆಯಾಗುತ್ತದೆ, ಸಾಕೆಟ್ ಒಳಗೆ ಚೂರು ಟೇಪ್ ಅಂಟಿಸಿಕೊಂಡರೆ ಬೋಲ್ಟ್ ಬೀಳುವುದಿಲ್ಲ.

ವೈರ್ ಬಣ್ಣ: ಹಳದಿ ಯಾವಾಗಲೂ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ 12 ವೋಲ್ಟ್, ಕಪ್ಪು ಗ್ರೌಂಡ್, ಅಂದರೆ ಕರೆಂಟು ಕಾರಿನ ಲೋಹದ ಮೈ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ. ಹೊಸ ಸ್ಟೀರಿಯೊ ಕಡೆ ಬಣ್ಣ ಹೀಗೇ ಇರುತ್ತದೆ. ಆದರೂ ಮಲ್ಟಿಮೀಟರ್ ಹಿಡಿದು ನೋಡಿ. ನನ್ನ ಕಾರಲ್ಲಿ ಎಂಜಿನ್ ಆಫ್ ಇದ್ದಾಗ 12.4, ಆನ್ ಇದ್ದಾಗ 14.2 ವೋಲ್ಟ್ ಬಂತು. ಕಪ್ಪು ವೈರನ್ನು ಹಾರ್ನೆಸ್‌ಗೂ ಸೇರಿಸಿ, ಡ್ಯಾಶ್ ಹಿಂದಿನ ಲೋಹದ ಪಟ್ಟಿಯ ಬೋಲ್ಟ್‌ಗೂ ಸೇರಿಸಿದೆ. ಆ ಬೋಲ್ಟ್ ಮುಂದೆ ತುಂಬ ಉಪಯೋಗಕ್ಕೆ ಬಂತು.

ಹಂತ 3: ಕುಂಯ್ ಸದ್ದು

ಡಾಕ್‌ನಿಂದ 3.5 ಎಂಎಂ ಕೇಬಲ್ ಎಳೆದು ಆಕ್ಸ್‌ಗೆ ಚುಚ್ಚಿದೆ. ಎಂಜಿನ್ ಆಫ್ ಇದ್ದಾಗ ಸದ್ದು ಅಷ್ಟು ಚೆನ್ನಾಗಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಸ್ಪೀಕರ್‌ನಲ್ಲಿ ಕುಂಯ್. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿಯೂ ಏರುತ್ತದೆ. ಶ್ರುತಿ ಎಂಜಿನ್ ಜೊತೆ ಏರಿಳಿದರೆ ಅದು ಆಲ್ಟರ್ನೇಟರ್ (ಎಂಜಿನ್ ತಿರುಗಿಸಿ ಕರೆಂಟು ಮಾಡುವ ಯಂತ್ರ) ಸದ್ದು, ಬೇರೆ ಏನೂ ಅಲ್ಲ.

ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆ ಮಾಡಿದೆ. ಒಂದು, ಡಾಕ್ ಕೇಬಲ್ ತೆಗೆದು ಅದೇ ಆಕ್ಸ್‌ಗೆ ಫೋನ್ ಚುಚ್ಚಿ, ನನಗೆ ಬಾಯಿಪಾಠ ಆಗಿರುವ ವೀಣೆಯ ರೆಕಾರ್ಡಿಂಗ್ ಹಾಕಿದೆ. ಫೋನ್ ಚಾರ್ಜರ್‌ಗೆ ಸೇರಿಸಿರಲಿಲ್ಲ. ಸದ್ದು ಶುದ್ಧ. ಅಂದರೆ ಸ್ಟೀರಿಯೊ, ಸ್ಪೀಕರ್ ಸರಿಯಾಗಿವೆ. ಎರಡನೆಯದು, ಡಾಕ್‌ನ ಕರೆಂಟನ್ನು ಲೈಟರ್ ತೂತಿನ ಬದಲು ಪವರ್ ಬ್ಯಾಂಕ್‌ನಿಂದ ಕೊಟ್ಟೆ. ನನ್ನ ಡಾಕ್‌ಗೆ ಬೇಕಾದ್ದು 5 ವೋಲ್ಟ್. ಹಳೆ ಕೆಲವು ಸೆಟ್‌ಗೆ 12 ವೋಲ್ಟ್ ಬೇಕು, ಲೇಬಲ್ ಓದದೆ ಚುಚ್ಚಬೇಡಿ. ಪವರ್ ಬ್ಯಾಂಕ್ ಮೇಲೆ ಓಡಿಸಿದಾಗ ಕುಂಯ್ ಪೂರ್ತಿ ಮಾಯ. ಹಾಗಾದರೆ ಕಾರಣ ಗ್ರೌಂಡ್ ಲೂಪ್. ಡಾಕ್‌ಗೆ ಗ್ರೌಂಡ್ ಸಿಗುತ್ತಿರುವುದು ಲೈಟರ್ ತೂತಿನಿಂದ, ಸ್ಟೀರಿಯೊಗೆ ಇನ್ನೊಂದು ಕಡೆಯಿಂದ. ಎರಡರ ನಡುವಿನ ಚೂರು ವ್ಯತ್ಯಾಸವೇ ಆಕ್ಸ್ ಕೇಬಲ್ ಮೂಲಕ ಹರಿದು ಸದ್ದಾಗುತ್ತದೆ.

ಎಲ್ಲರೂ ಹೇಳುವ ಮದ್ದು ಗ್ರೌಂಡ್ ಲೂಪ್ ಐಸೊಲೇಟರ್. 11 ಡಾಲರ್ ಕೊಟ್ಟು ತಂದೆ. ಆಕ್ಸ್ ಕೇಬಲ್ ನಡುವೆ ಹಾಕಿದ ಕೂಡಲೇ ಕುಂಯ್ ನಿಂತಿತು. ಆದರೆ ಅದರ ಜೊತೆ ಕೆಳಗಿನ ಸ್ವರಗಳೂ ಸೊರಗಿದವು. ಅದೇ ವೀಣೆ ರೆಕಾರ್ಡಿಂಗ್ ಫೋನ್‌ನಿಂದ ಐಸೊಲೇಟರ್ ಮೂಲಕ ಹಾಕಿ ಕೇಳಿದೆ. ಅನುಮಂದ್ರದ ತಂತಿಗೆ ತೂಕವೇ ಇಲ್ಲ. ಮೃದಂಗದ ಎಡಗಡೆ ಬರೀ ಟಪ್ ಟಪ್. ಒಳಗಿರುವುದು ಪುಟ್ಟ ಟ್ರಾನ್ಸ್‌ಫಾರ್ಮರ್, ಅಗ್ಗದ್ದರಲ್ಲಿ ಅದು ಕೆಳಗಿನ ಸದ್ದನ್ನು ಪೂರ್ತಿ ದಾಟಿಸುವುದಿಲ್ಲ. ಸುದ್ದಿ ಮಾತ್ರ ಕೇಳುವವರಿಗೆ ಇದು ಸಾಕು. ಸಂಗೀತಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ. ಅದು ಈಗ ಡ್ರಾಯರ್‌ನಲ್ಲಿದೆ.

ಸರಿಯಾದ ಪರಿಹಾರ ಗ್ರೌಂಡನ್ನೇ ಒಂದು ಮಾಡುವುದು. 12 ವೋಲ್ಟನ್ನು 5 ವೋಲ್ಟ್ ಮಾಡುವ 3 ಆಂಪಿಯರ್ ಕನ್ವರ್ಟರ್ ತಂದೆ, 9 ಡಾಲರ್. ಸ್ಟೀರಿಯೊ ಮತ್ತೆ ಹೊರಗೆ ಎಳೆದು, ಕೆಂಪು ವೈರಿನಿಂದ ಒಂದು ಕವಲು ತೆಗೆದು, 2 ಆಂಪಿಯರ್ ಫ್ಯೂಸ್ ದಾಟಿಸಿ ಕನ್ವರ್ಟರ್‌ಗೆ ಕೊಟ್ಟೆ. ಕನ್ವರ್ಟರ್‌ನ ಕಪ್ಪು ವೈರನ್ನು ಸ್ಟೀರಿಯೊದ ಕಪ್ಪು ವೈರ್ ಕೂತಿರುವ ಅದೇ ಬೋಲ್ಟ್‌ಗೆ ಬಿಗಿದೆ. ಬಿಗಿಯುವ ಮುಂಚೆ ಬೋಲ್ಟ್ ಕೆಳಗಿನ ಬಣ್ಣ ಉಪ್ಪುಕಾಗದದಲ್ಲಿ ಉಜ್ಜಿದೆ. ಅಲ್ಲಿಂದ ಬ್ಯಾಟರಿ ನೆಗೆಟಿವ್‌ವರೆಗೆ ಅಳೆದರೆ 1 ಓಮ್‌ಗಿಂತ ಕಡಿಮೆ ಇರಬೇಕು.

ಸ್ಟಾರ್ಟ್ ಮಾಡಿದೆ. ಕುಂಯ್ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿ ಕಿವಿಗೊಟ್ಟರೆ ತೆಳ್ಳಗೆ ಒಂದು ಸೀಟಿ ಇತ್ತು, ಅದರ ಶ್ರುತಿ ಎಂಜಿನ್ ಜೊತೆ ಬದಲಾಗಲಿಲ್ಲ. ಅದು ಕನ್ವರ್ಟರ್‌ನದೇ ಸದ್ದು. ಕನ್ವರ್ಟರನ್ನು ಆಡಿಯೊ ಕೇಬಲ್‌ನಿಂದ ಒಂದು ಅಡಿ ದೂರ ಸರಿಸಿ, 5 ವೋಲ್ಟ್ ವೈರ್ ಮೇಲೆ ಇಂಥ ಸದ್ದು ತಡೆಯುವ ಫೆರೈಟ್ ಉಂಗುರ ಹಾಕಿದ ಮೇಲೆ ಅದೂ ಹೋಯಿತು. ಇಷ್ಟಾದ ಮೇಲೆ ಲೈಟರ್ ತೂತು ಖಾಲಿಯಾಗಿ ಉಳಿಯಿತು, ಫೋನ್ ಚಾರ್ಜರ್‌ಗೆ ಆಯಿತು.

ಹಂತ 4: ಆಂಟೆನಾ

ಇಷ್ಟು ದಿನ ಆಂಟೆನಾ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಒಳಗೇ ಕೂತಿತ್ತು. ಹ್ಯಾರಿಸ್‌ಬರ್ಗ್‌ಗೆ ಹೋಗುವಾಗ ಪರವಾಗಿಲ್ಲ. ವಾಪಸ್ ಬರುವಾಗ ಮಾತ್ರ ಪದೇ ಪದೇ ಕಟ್. ಒಂದೇ ರಸ್ತೆ, ಒಂದೇ ಬೆಟ್ಟ, ಆದರೂ ಹೀಗೆ.

ಉತ್ತರ ದಿಕ್ಕಿನಲ್ಲಿದೆ. ಸಿರಿಯಸ್ ಜೊತೆ ಸೇರಿಹೋದ ಎಕ್ಸ್‌ಎಂ ಕಂಪನಿಯ ಕಡೆಯ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 85 ಮತ್ತು 115 ಡಿಗ್ರಿ ಪಶ್ಚಿಮದಲ್ಲಿ ನಿಂತಿವೆ. ನಮ್ಮೂರಿನಿಂದ ಲೆಕ್ಕ ಹಾಕಿದರೆ ಒಂದು ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಸುಮಾರು 42 ಡಿಗ್ರಿ ಎತ್ತರದಲ್ಲಿ ಇದೆ. ಇನ್ನೊಂದು ನೈಋತ್ಯಕ್ಕೆ, ಸುಮಾರು 29 ಡಿಗ್ರಿ ಎತ್ತರದಲ್ಲಿ. ಹ್ಯಾರಿಸ್‌ಬರ್ಗ್ ನಮಗೆ ಆಗ್ನೇಯ. ಹೋಗುವಾಗ ಮುಂದಿನ ಗಾಜು ದಕ್ಷಿಣದ ಆಕಾಶ ನೋಡುತ್ತಿರುತ್ತದೆ. ಬರುವಾಗ ಅದೇ ಆಕಾಶ ಬೆನ್ನ ಹಿಂದೆ, ನಡುವೆ ಕಾರಿನ ಉಕ್ಕಿನ ಚಾವಣಿ ಅಡ್ಡ.

ಮಾಲ್ ಒಂದರ ಖಾಲಿ ಪಾರ್ಕಿಂಗ್‌ನಲ್ಲಿ ಇದನ್ನು ಪರೀಕ್ಷೆ ಮಾಡಿದೆವು. ಸೆಟ್ಟಿಂಗ್‌ನಲ್ಲಿ ಸಿಗ್ನಲ್ ತೋರಿಸುವ ಪರದೆ ಇದೆ. ಉಪಗ್ರಹಕ್ಕೆ ಒಂದು ಸಾಲು, ನೆಲದ ಟವರ್‌ಗೆ ಇನ್ನೊಂದು. ನಾನು ಕಾರನ್ನು ನಾಲ್ಕೂ ದಿಕ್ಕಿಗೆ ತಿರುಗಿಸುತ್ತಾ ಹೋದೆ, ನನ್ನ ಹೆಂಡತಿ ಓದಿ ಹೇಳುತ್ತಾ ಹೋದಳು. ದಕ್ಷಿಣಕ್ಕೆ ಮೂತಿ ಇಟ್ಟರೆ ಪೂರ್ತಿ. ಉತ್ತರಕ್ಕೆ ತಿರುಗಿಸಿದಾಗ "ರೀ, ಈಗ ಒಂದೇ ಕಡ್ಡಿ" ಅಂದಳು. ನಮ್ಮೂರಲ್ಲಿ ನೆಲದ ಟವರ್ ಸಾಲು ಎತ್ತ ತಿರುಗಿದರೂ ಖಾಲಿ. ಉಪಗ್ರಹದ ಕಾರ್ಯಕ್ರಮವನ್ನೇ ನೆಲದಿಂದ ಮತ್ತೆ ಬಿತ್ತರಿಸುವ ಆ ಟವರ್‌ಗಳು ದೊಡ್ಡ ನಗರಗಳಿಗೆ, ಎತ್ತರದ ಕಟ್ಟಡಗಳ ನಡುವೆ ಆಕಾಶ ಕಾಣದ ಕಡೆಗೆ.

ಹಿಂದಿನ ಗಾಜಿನ ಕೆಳಗೂ ಇಟ್ಟು ನೋಡಿದೆ. ಆಗ ಬರುವಾಗ ಸರಿ, ಹೋಗುವಾಗ ಕಟ್. ಜೊತೆಗೆ ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ತಂತಿಗಳಿವೆ, ಅವೂ ಅಡ್ಡ ಬರುತ್ತವೆ. ಕಾರಿನೊಳಗೆ ಎಲ್ಲಿಟ್ಟರೂ ಅರ್ಧ ಆಕಾಶವೇ ಸಿಗುವುದು. ಚಾವಣಿ ಮೇಲೇ ಹೋಗಬೇಕು.

ಬೆಂಗಳೂರಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಸ್ಯಾಟಲೈಟ್ ರೇಡಿಯೊ ಕೇಳಿದವರಿಗೆ ಆಂಟೆನಾ ತಿರುಗಿಸುವ ಕಷ್ಟ ನೆನಪಿರುತ್ತದೆ, ಅಲ್ವಾ? ಅದರ ಉಪಗ್ರಹ ಏಷ್ಯಾಸ್ಟಾರ್ ಇದ್ದದ್ದು 105 ಡಿಗ್ರಿ ಪೂರ್ವದಲ್ಲಿ. ಕಿಟಕಿ ಪೂರ್ವಕ್ಕೆ ಇಲ್ಲದ ಮನೆಯಲ್ಲಿ ಆಂಟೆನಾ ಟೆರೇಸ್‌ಗೆ ಹೋಗಬೇಕಿತ್ತು. ನಮ್ಮಣ್ಣನ ಮನೆಯಲ್ಲಿ ಕನ್ನಡದ ಸ್ಪರ್ಶ ಚಾನೆಲ್‌ಗಾಗಿ ಆಂಟೆನಾವನ್ನು ಚೂರು ಚೂರೇ ತಿರುಗಿಸಿ ಇಟ್ಟಿಗೆ ಒರಗಿಸಿ ನಿಲ್ಲಿಸಿದ್ದರು. 2009ರ ಕೊನೆಗೆ ಆ ಸೇವೆ ಭಾರತದಲ್ಲಿ ನಿಂತೇಹೋಯಿತು, ನನಗೆ ಇವತ್ತಿಗೂ ಅದರ ಬೇಜಾರಿದೆ. ಇಲ್ಲಿನ ಕಾರಿನ ಆಂಟೆನಾ ಹಾಗಲ್ಲ. ಅದನ್ನು ಯಾವ ಕಡೆಗೂ ತಿರುಗಿಸಬೇಕಿಲ್ಲ, ಸುಮ್ನೆ ಆಕಾಶ ನೋಡುತ್ತಾ ಮಲಗಿದ್ದರೆ ಸಾಕು. ಆದರೆ ಅದರ ಕೆಳಗೆ ಲೋಹದ ತಗಡು ಬೇಕು. ಕಾರಿನ ಚಾವಣಿಯೇ ಆ ತಗಡು. ಅಂಚಿನಿಂದ, ರ‍್ಯಾಕ್‌ನಿಂದ ಕನಿಷ್ಠ 3 ಇಂಚು ಒಳಗಿರಬೇಕು. ನಾನು ಹಿಂದಿನ ಗಾಜಿನಿಂದ 6 ಇಂಚು ಮುಂದೆ, ಸರಿಯಾಗಿ ನಡುವೆ ಕೂರಿಸಿದೆ.

ಕೇಬಲ್ ಎಳೆಯುವುದೇ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಬಾಗಿಲ ಸಂದಿಯಲ್ಲಿ ಬಿಟ್ಟರೆ ಪ್ರತಿ ಸಲ ಬಾಗಿಲು ಹಾಕಿದಾಗಲೂ ಕೇಬಲ್ ಜಜ್ಜಿಹೋಗುತ್ತದೆ. ಹಿಂದಿನ ಗಾಜಿನ ರಬ್ಬರ್ ಅಂಚಿನ ಕೆಳಗೆ ಕೇಬಲ್ ತೂರಿಸಿ, ಡಿಕ್ಕಿಯ ರಬ್ಬರ್ ಬೀಡಿಂಗ್ ಮೇಲಿಂದ ಒಳಗೆ ತಂದೆ. ಒಳಗೆ ಹೋಗುವ ಮುಂಚೆ ಕೇಬಲ್ ಒಮ್ಮೆ ಕೆಳಗೆ ಬಳುಕಿ ಮೇಲೆ ಏರುವಂತೆ ಬಿಟ್ಟಿದ್ದೇನೆ. ಮಳೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಡಿಕ್ಕಿಗೆ ಬರುವುದಿಲ್ಲ. ಅಲ್ಲಿಂದ ಹಿಂದಿನ ಸೀಟಿನ ಪಕ್ಕ, ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಅಡಿ, ಡ್ಯಾಶ್‌ವರೆಗೆ. ಸೈಕಲ್ ಬ್ರೇಕ್‌ನ ಹಳೆ ತಂತಿ ಮುಂದೆ ಕಟ್ಟಿಕೊಂಡು ಎಳೆದೆ.

ಪವರ್ ವೈರ್ ಹೋಗುವ ಪಕ್ಕ ಬಿಟ್ಟು ಇನ್ನೊಂದು ಪಕ್ಕ ಎಳೆಯಿರಿ. ಉಳಿದ ಕೇಬಲನ್ನು ಕತ್ತರಿಸಬೇಡಿ, ಬಿಗಿಯಾಗಿ ಸುತ್ತಲೂ ಬೇಡಿ. ಇದು 2.3 ಗಿಗಾಹರ್ಟ್ಜ್ ಸಿಗ್ನಲ್. ಮಡಿಕೆ ಬಿದ್ದ ಕಡೆ, ಜೋಡಿಸಿದ ಕಡೆ ಸೋರಿಹೋಗುತ್ತದೆ. ಅಂಗೈ ಅಗಲದ ಸುರುಳಿ ಮಾಡಿ ಸೀಟಿನ ಕೆಳಗೆ ಕಟ್ಟಿದ್ದೇನೆ. ತುದಿಯ ಕನೆಕ್ಟರ್ ಟಿಕ್ ಎನ್ನುವವರೆಗೆ ಒತ್ತಬೇಕು, ಇಲ್ಲದಿದ್ದರೆ ಆಂಟೆನಾ ಇಲ್ಲ ಎಂದು ಪರದೆ ಹೇಳುತ್ತದೆ.

ಹಳೆ ಆಂಟೆನಾ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಸಿರಿಯಸ್, ಎಕ್ಸ್‌ಎಂ ಎರಡೂ 2008ರಲ್ಲಿ ಒಂದಾದ ಕಂಪನಿಗಳು. ಸಿರಿಯಸ್‌ನ ಜಾಗ 2320ರಿಂದ 2332.5 ಮೆಗಾಹರ್ಟ್ಜ್, ಎಕ್ಸ್‌ಎಂನದು ಅಲ್ಲಿಂದ 2345. 2008ಕ್ಕಿಂತ ಹಳೆಯ ಆಂಟೆನಾಗಳನ್ನು ಒಂದೊಂದು ಕಂಪನಿಯ ಸೆಟ್‌ಗೆ ಅಂತಲೇ ಮಾಡಿದ್ದರು. ನಿಮ್ಮ ಸೆಟ್ ಯಾವ ಕಡೆಯದು ಎಂದು ನೋಡಿಕೊಂಡು ತಗೊಳ್ಳಿ.

ಚಾವಣಿಗೆ ಹೋದ ಮೇಲೆ ಅದೇ ಪಾರ್ಕಿಂಗ್‌ನಲ್ಲಿ ನಾಲ್ಕೂ ದಿಕ್ಕಿಗೆ ಪೂರ್ತಿ ಕಡ್ಡಿ. ಸೆವೆನ್ ಮೌಂಟನ್ಸ್ ದಾಟುವಾಗ ಒಂದು ಪದವೂ ತಪ್ಪಲಿಲ್ಲ. ನ್ಯಾರೋಸ್‌ನಲ್ಲಿ ದಕ್ಷಿಣದ ಬೆಟ್ಟಕ್ಕೆ ರಸ್ತೆ ಅಂಟಿಕೊಂಡ ಕಡೆ, ಬೇಸಿಗೆಯ ದಟ್ಟ ಎಲೆ ಇದ್ದಾಗ, ಒಂದೆರಡು ಸೆಕೆಂಡ್ ನಿಲ್ಲುತ್ತದೆ. ಅದಕ್ಕೆ ಮಾಡುವಂಥದ್ದು ಏನೂ ಇಲ್ಲ. ಸೇತುವೆ ಕೆಳಗೆ ಹಾದುಹೋದರೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಒಂದು ಉಪಗ್ರಹದ ಪ್ರಸಾರ ಇನ್ನೊಂದಕ್ಕಿಂತ ಕೆಲವು ಸೆಕೆಂಡ್ ಹಿಂದೆ ಬರುತ್ತದೆ, ಸೆಟ್ ಅದರಿಂದ ತುಂಬಿಕೊಳ್ಳುತ್ತದೆ. ಪೆಟ್ರೋಲ್ ಬಂಕ್‌ನ ತಗಡಿನ ಚಾವಣಿ ಕೆಳಗೆ ನಿಂತರೆ ಮಾತ್ರ ಸದ್ದು ನಿಲ್ಲುತ್ತದೆ. ಅದು ಸಹಜ, ಕೆಟ್ಟಿದೆ ಎಂದು ಡ್ಯಾಶ್ ಬಿಚ್ಚಬೇಡಿ.

ಹಂತ 5: ಸದ್ದಿನ ಹದ

ಡಾಕ್ ಸೆಟ್ಟಿಂಗ್‌ನಲ್ಲಿ ಆಡಿಯೊ ಮಟ್ಟ ಎಂದಿದೆ. ಇದನ್ನು ಯಾರೂ ಮುಟ್ಟುವುದಿಲ್ಲ, ಆದರೆ ಇದರಿಂದ ಆಗುವ ವ್ಯತ್ಯಾಸ ಜಾಸ್ತಿ. ಕಡಿಮೆ ಇದ್ದರೆ ಸ್ಟೀರಿಯೊ ವಾಲ್ಯೂಮ್ ಏರಿಸಬೇಕಾಗುತ್ತದೆ, ಅದರ ಜೊತೆ ಶ್ ಸದ್ದೂ ಏರುತ್ತದೆ. ತೀರಾ ಜಾಸ್ತಿ ಇದ್ದರೆ ಗಟ್ಟಿ ಸ್ವರದಲ್ಲಿ ಸದ್ದು ಒಡೆಯುತ್ತದೆ. ನಾನು ಪೂರ್ತಿ ಏರಿಸಿ, ಜೋರು ಹಾಡು ಹಾಕಿ, ಒಡೆಯುವುದು ನಿಲ್ಲುವವರೆಗೆ ಒಂದೊಂದೇ ಮೆಟ್ಟಿಲು ಇಳಿಸಿದೆ. ಅಲ್ಲಿಂದ ಇನ್ನೊಂದು ಮೆಟ್ಟಿಲು ಇಳಿಸಿ ಬಿಟ್ಟೆ. ಸ್ಟೀರಿಯೊದ ಲೌಡ್‌ನೆಸ್ ಆಫ್. ಟ್ರೆಬಲ್ ಎರಡು ಕಡಿಮೆ.

ಟ್ರೆಬಲ್ ಇಳಿಸಿದ್ದಕ್ಕೆ ಕಾರಣ ಇದೆ. ವೈರು ಎಷ್ಟೇ ಸರಿ ಮಾಡಿದರೂ ಸಂಗೀತದ ಚಾನೆಲ್‌ಗಳಲ್ಲಿ ಸಿಂಬಲ್, ಚಪ್ಪಾಳೆ, ಪಿಟೀಲಿನ ಮೇಲಿನ ಸ್ವರಗಳು ಚೂರು ನೀರುನೀರಾಗಿ ಕೇಳುತ್ತವೆ. ಸಿರಿಯಸ್, ಎಕ್ಸ್‌ಎಂ ಎರಡೂ ಸೇರಿ 25 ಮೆಗಾಹರ್ಟ್ಜ್ ಜಾಗದಲ್ಲಿ ಅಷ್ಟೊಂದು ಚಾನೆಲ್ ಹಿಡಿಸಬೇಕು. ಹಾಗಾಗಿ ಸದ್ದನ್ನು ಹಿಂಡಿಯೇ ಕಳಿಸುತ್ತಾರೆ. ಫೋನ್‌ನಿಂದ ಬಂದ ವೀಣೆ ಇದೇ ಸ್ಪೀಕರ್‌ನಲ್ಲಿ ಸ್ವಚ್ಛವಾಗಿ ಕೇಳಿದ ಮೇಲೆ, ಇದನ್ನು ಕಾರಿನಲ್ಲಿ ಸರಿಪಡಿಸಲು ಆಗದು ಎಂದು ಗೊತ್ತಾಯಿತು. ಹೊಸ ಸ್ಪೀಕರ್ ಹಾಕಿದರೆ ಆ ಕೊರತೆ ಇನ್ನಷ್ಟು ಎದ್ದು ಕೇಳುತ್ತದೆ. ಆ ಯೋಚನೆ ಕೈಬಿಟ್ಟೆ. ಬಿಬಿಸಿ ವರ್ಲ್ಡ್ ಸರ್ವಿಸ್ ಥರದ ಮಾತಿನ ಚಾನೆಲ್‌ಗೆ ಈ ಸದ್ದು ಧಾರಾಳ.

ಖರ್ಚು: ಸೆಟ್ 60, ಸ್ಟೀರಿಯೊ 110, ಡ್ಯಾಶ್ ಕಿಟ್ 18, ಹಾರ್ನೆಸ್ 12, ಐಸೊಲೇಟರ್ 11, ಕನ್ವರ್ಟರ್ 9, ಫ್ಯೂಸ್, ಫೆರೈಟ್, ವೈರು, ಟೇಪು ಎಲ್ಲ ಸೇರಿ 10. ಒಟ್ಟು 230 ಡಾಲರ್, ಚಂದಾ ಬೇರೆ. ಐಸೊಲೇಟರ್ ಬಿಟ್ಟರೆ 219ಕ್ಕೆ ಮುಗಿಯುತ್ತದೆ.

ಚಳಿಗಾಲಕ್ಕೆ ಎರಡು ವಿಷಯ. ಒಣ ಹಿಮ ಆಂಟೆನಾ ಮೇಲೆ ಇದ್ದರೂ ಸಿಗ್ನಲ್ ಬರುತ್ತದೆ. ಒದ್ದೆ ಹಿಮ, ಮಂಜುಗಡ್ಡೆ ಕೂತರೆ ಇಳಿಯುತ್ತದೆ, ಕೈಯಲ್ಲಿ ಒರೆಸಿದರೆ ಸಾಕು. ರಸ್ತೆಗೆ ಹಾಕುವ ಉಪ್ಪು ಆಯಸ್ಕಾಂತದ ಕೆಳಗೆ ಸೇರಿಕೊಂಡು ಬಣ್ಣ ತಿನ್ನುತ್ತದೆ. ತಿಂಗಳಿಗೊಮ್ಮೆ ಆಂಟೆನಾ ನೇರ ಮೇಲಕ್ಕೆ ಎತ್ತಿ ಕೆಳಗೆ ಒರೆಸಬೇಕು. ಜಾರಿಸಿ ಎಳೆದರೆ ಉಪ್ಪಿನ ಹರಳು ಬಣ್ಣ ಗೀಚುತ್ತದೆ. ಬ್ರಷ್ ಇರುವ ಕಾರ್ ವಾಶ್‌ಗೆ ಹೋಗುವ ಮುಂಚೆ ಆಂಟೆನಾ ಎತ್ತಿ ಡಿಕ್ಕಿಯೊಳಗೆ ಇಡಬೇಕು, ಅದಕ್ಕೆ ಬೇಕಾದಷ್ಟು ಕೇಬಲ್ ಹಿಂದಿನ ಬೀಡಿಂಗ್ ಹತ್ತಿರ ಸಡಿಲ ಬಿಟ್ಟಿದ್ದೇನೆ.